ಕೆಡು, ಕೇಡು, ಕೆಟ್ಟ: ನೈತಿಕ ಕೆಡುಕನ್ನು ಹೇಳುವ ಪದವೊಂದರ ಅರ್ಥಚರಿತ್ರೆ

ಸಾರಾಂಶ

ಇಂದಿನ ಕನ್ನಡದಲ್ಲಿ ‘ಒಳ್ಳೆಯ’ ಎಂಬುದಕ್ಕೆ ವಿರುದ್ಧಪದ ‘ಕೆಟ್ಟ’. ರೂಪದ ದೃಷ್ಟಿಯಿಂದ ಇದು ವಿಶೇಷಣವಲ್ಲ. ‘ಕೆಡು’ ಎಂಬ ಅಕರ್ಮಕ ಧಾತುವಿನ ಭೂತಕೃದಂತ. ನಾಶವನ್ನೂ ನಷ್ಟವನ್ನೂ ಹೇಳುತ್ತಿದ್ದ ಧಾತುವೊಂದು ನೈತಿಕ ಕೆಡುಕಿನ ಮುಖ್ಯ ಪದವಾದುದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ಕೊಳೆಯುವಿಕೆಯ ರೂಪಕವೇ ಇದಕ್ಕೆ ಕಾರಣವೆಂಬ ರೂಢಿಯ ಉತ್ತರವನ್ನು ನಾವು ಪರಿಶೀಲಿಸಿ, ‘ನಾಣ್ಗೆಡು’, ‘ವ್ರತಗೆಡು’ ಮೊದಲಾದ ಸಮಾಸಗಳೇ ಈ ಅರ್ಥಪಲ್ಲಟದ ನೆಲೆಯೆಂದು ವಾದಿಸುತ್ತೇವೆ. ಕೊನೆಯಲ್ಲಿ, ಈ ಚರಿತ್ರೆ ನಿಘಂಟುರಚನೆಗೂ ಅನುವಾದಕ್ಕೂ ಏಕೆ ಮುಖ್ಯವೆಂಬುದನ್ನು ಸೂಚಿಸುತ್ತೇವೆ.

ಮುಖ್ಯಪದಗಳು: ಅರ್ಥಪಲ್ಲಟ, ಕೃದಂತ, ಕ್ರಿಯಾಸಮಾಸ, ಹಳಗನ್ನಡ, ದ್ರಾವಿಡ ಧಾತುಗಳು, ನಿಘಂಟುಶಾಸ್ತ್ರ

1. ಪ್ರಸ್ತಾವನೆ

ಮನುಷ್ಯನ ನಡತೆಯ ಕೆಡುಕನ್ನು ಹೇಳುವ ಪದಗಳು ಹೆಚ್ಚಿನ ಭಾಷೆಗಳಲ್ಲಿ ಮೊದಲು ಬೇರೆ ಏನನ್ನೋ ಹೇಳುತ್ತಿದ್ದವು. ಲ್ಯಾಟಿನ್ನಿನ ‘ಕೊರುಪ್ತುಸ್’ ಎಂಬುದು ‘ಒಡೆ, ಮುರಿ’ ಎಂಬ ಅರ್ಥದ ಧಾತುವಿನಿಂದ ಬಂದ ಕೃದಂತ. ಸಂಸ್ಕೃತದ ‘ಭ್ರಷ್ಟ’ ಮತ್ತು ‘ಪತಿತ’ ಎರಡೂ ‘ಬಿದ್ದ’ ಎಂಬ ಅರ್ಥದವು. ‘ದುಷ್ಟ’ ಎಂಬುದು ‘ದೂಷಿತವಾದ’ ಎಂಬ ಅರ್ಥದ್ದು. ಮುರಿಯುವುದು, ಬೀಳುವುದು, ಹೊಲಸಾಗುವುದು ಎಂಬ ಮೂರು ಚಿತ್ರಗಳು ಇಲ್ಲಿವೆ. ಕನ್ನಡದ ‘ಕೆಟ್ಟ’ ಇವುಗಳಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂದು ಕೇಳಿದರೆ ಮೂರನೆಯದಕ್ಕೆ ಎಂದೇ ಹೆಚ್ಚಿನವರು ಹೇಳಿಯಾರು. ಹಾಲು ಕೆಡುತ್ತದೆ, ಅನ್ನ ಕೆಡುತ್ತದೆ; ಹಾಗೆಯೇ ಮನುಷ್ಯನೂ ಕೆಡುತ್ತಾನೆ. ಈ ಹೋಲಿಕೆ ಎಷ್ಟು ಸಹಜವಾಗಿ ತೋರುತ್ತದೆಯೆಂದರೆ ಅದನ್ನು ಪ್ರಶ್ನಿಸುವ ಅಗತ್ಯವೇ ಕಾಣುವುದಿಲ್ಲ.

ಆದರೆ ಹಳೆಯ ಸಾಮಗ್ರಿಯನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದಾಗ ಚಿತ್ರ ಬೇರೆಯಾಗುತ್ತದೆ. ‘ಕೆಡು’ ಧಾತುವಿನ ಹಳೆಯ ಅರ್ಥದ ಕೇಂದ್ರದಲ್ಲಿರುವುದು ಹೊಲಸಲ್ಲ, ಇಲ್ಲವಾಗುವಿಕೆ. ಇದ್ದದ್ದು ಹೋಯಿತು ಎಂಬುದೇ ಅದರ ತಿರುಳು. ಈ ತಿರುಳಿನಿಂದ ನೈತಿಕ ಅರ್ಥಕ್ಕೆ ಹೋಗುವ ದಾರಿ ರೂಪಕದ್ದಷ್ಟೇ ಅಲ್ಲ, ವಾಕ್ಯರಚನೆಯದೂ ಹೌದು. ಮೊದಲು ಪದದ ರೂಪಚರಿತ್ರೆಯನ್ನೂ ಬಳಿಕ ಅರ್ಥದ ಮೂರು ಘಟ್ಟಗಳನ್ನೂ ನಾವು ಪರಿಶೀಲಿಸುತ್ತೇವೆ.

2. ರೂಪದ ಚರಿತ್ರೆ

ಈ ಧಾತುವಿನ ಜ್ಞಾತಿಪದಗಳು ದಕ್ಷಿಣ ದ್ರಾವಿಡ ಭಾಷೆಗಳಲ್ಲಿಯೂ ತೆಲುಗಿನಲ್ಲಿಯೂ ಸ್ಪಷ್ಟವಾಗಿವೆ: ತಮಿಳು ಮತ್ತು ಮಲಯಾಳಂ ‘ಕೆಟು’, ಕನ್ನಡ ‘ಕೆಡು’ ಮತ್ತು ‘ಕಿಡು’, ತುಳು ‘ಕೆಡು’, ತೆಲುಗು ‘ಚೆಡು’. ಪದಾದಿಯ ಕಕಾರ-ಚಕಾರಗಳ ವ್ಯತ್ಯಾಸ ನಿಯಮಬದ್ಧವಾದುದು. ಟಿ. ಬರೋ 1943ರಲ್ಲಿ ತೋರಿಸಿದಂತೆ, ಇ, ಎ ಸ್ವರಗಳ ಮುಂದೆ ಪದಾದಿಯ ಕಕಾರವು ತೆಲುಗಿನಲ್ಲಿ ತಾಲವ್ಯವಾಗುತ್ತದೆ. ತಮಿಳು-ಮಲಯಾಳಂಗಳಲ್ಲಿಯೂ ಆಗುತ್ತದೆ, ಆದರೆ ಮುಂದೆ ಮೂರ್ಧನ್ಯ ವ್ಯಂಜನವಿದ್ದರೆ ಆಗುವುದಿಲ್ಲ. ಕನ್ನಡದಲ್ಲಿ ಆಗುವುದೇ ಇಲ್ಲ. ಕನ್ನಡ ‘ಕಿವಿ’ಗೆ ತಮಿಳಿನಲ್ಲೂ ತೆಲುಗಿನಲ್ಲೂ ‘ಚೆವಿ’ ಇದೆ. ‘ಕೆಡು’ವಿನಲ್ಲಿ ಮೂರ್ಧನ್ಯ ಟಕಾರ ಅಡ್ಡ ನಿಂತುದರಿಂದ ತಮಿಳು ಕಕಾರವನ್ನು ಉಳಿಸಿಕೊಂಡಿತು, ತೆಲುಗು ಉಳಿಸಿಕೊಳ್ಳಲಿಲ್ಲ. ಆದ್ದರಿಂದ ‘*ಕೆಟು’ ಎಂಬ ಮೂಲರೂಪವನ್ನು ಸಂಶಯವಿಲ್ಲದೆ ಪುನಾರಚಿಸಬಹುದು.

ಕನ್ನಡದ ಒಳಗೆ ‘ಕೆಡು’ ಮತ್ತು ‘ಕಿಡು’ ಎಂಬ ಎರಡು ರೂಪಗಳಿರುವುದೂ ನಿಯಮಬದ್ಧವೇ. ಸುಮಾರು 8ನೆಯ ಶತಮಾನದಿಂದ ಹಳಗನ್ನಡದಲ್ಲಿ ಹ್ರಸ್ವ ಎ, ಒ ಸ್ವರಗಳು, ಒಂಟಿ ವ್ಯಂಜನದ ಆಚೆ ಇ ಅಥವಾ ಉ ಇದ್ದಾಗ, ಕ್ರಮವಾಗಿ ಇ, ಉ ಆದವು. ‘ಕೊಡು’ ಎಂಬುದು ‘ಕುಡು’, ‘ತೊಡು’ ಎಂಬುದು ‘ತುಡು’, ‘ಕೆಡು’ ಎಂಬುದು ‘ಕಿಡು’ ಆದುದು ಹೀಗೆ. ದ್ವಿತ್ವದ ಮುಂದೆ ಈ ಬದಲಾವಣೆ ನಡೆಯಲಿಲ್ಲ. ‘ಕೊಟ್ಟು’, ‘ತೊಟ್ಟು’, ‘ಕೆಟ್ಟು’ ಹಾಗೆಯೇ ಉಳಿದವು. ದೀರ್ಘಸ್ವರಕ್ಕೂ ಅದು ತಾಗಲಿಲ್ಲ. ‘ಕೇಡು’ ಎಂಬ ಭಾವನಾಮ ‘*ಕೀಡು’ ಆಗಲಿಲ್ಲ. ಹೀಗೆ ಹಳಗನ್ನಡದಲ್ಲಿ ‘ಕಿಡು’ ಎಂಬ ಕ್ರಿಯಾಪ್ರಕೃತಿ, ‘ಕೆಟ್ಟ’ ಎಂಬ ಕೃದಂತ, ‘ಕೇಡು’ ಎಂಬ ನಾಮ ಮೂರೂ ಬೇರೆ ಬೇರೆ ಸ್ವರಗಳಲ್ಲಿ ನಿಂತವು. ಕಾಲಾಂತರದಲ್ಲಿ ‘ಕೆಡು’ ಮತ್ತೆ ಮೇಲುಗೈ ಪಡೆಯಿತು. ‘ಕೆಟ್ಟ’ ಮಾತ್ರ ಉದ್ದಕ್ಕೂ ಒಂದೇ ರೂಪದಲ್ಲಿ ಉಳಿದು ಬಂದುದು ಗಮನಾರ್ಹ. ಕ್ರಿಯಾಪ್ರಕೃತಿಯಿಂದ ಸ್ವರದಲ್ಲಿ ಬೇರೆಯಾಗಿ ಕೇಳಿಸುತ್ತಿದ್ದ ಕೃದಂತವು ಸ್ವತಂತ್ರ ವಿಶೇಷಣವಾಗಿ ಬೆಳೆಯಲು ಈ ಅಂತರ ನೆರವಾಗಿರಬಹುದು.

‘ಕೇಡು’ ಎಂಬುದು ಧಾತುವಿನ ಮೊದಲ ಸ್ವರವನ್ನು ದೀರ್ಘಗೊಳಿಸಿ ನಾಮವನ್ನು ಮಾಡುವ ಹಳೆಯ ವಿಧಾನಕ್ಕೆ ಸೇರಿದೆ. ‘ಪಡು-ಪಾಡು’, ‘ಬಿಡು-ಬೀಡು’, ‘ಸುಡು-ಸೂಡು’ ಇದರ ಒಡಹುಟ್ಟುಗಳು. ತಮಿಳು ‘ಕೇಟು’, ತೆಲುಗು ‘ಚೇಟು’ ಇದೇ ರಚನೆಯವಾದ್ದರಿಂದ ನಾಮರೂಪವೂ ಪ್ರಾಚೀನವೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದಲ್ಲಿ ‘ಬೀಳು’ ಎಂಬ ಅರ್ಥದ ‘ಕೆಡೆ’ ಎಂಬ ಧಾತುವೂ ಇದೆ. ಅದರ ಪ್ರೇರಣಾರ್ಥಕ ‘ಕೆಡಪು’, ಮುಂದೆ ‘ಕೆಡಹು’. ‘ಭ್ರಷ್ಟ’, ‘ಪತಿತ’ಗಳ ಹೋಲಿಕೆಯಿಂದ ‘ಕೆಡು’ವನ್ನೂ ಬೀಳುವಿಕೆಗೆ ಜೋಡಿಸುವ ಆಸೆ ಹುಟ್ಟುವುದು ಸಹಜ. ಆದರೆ ‘ಕೆಡೆ’ಯ ಜ್ಞಾತಿಪದ ತಮಿಳಿನ ‘ಕಿಟ’, ಎಂದರೆ ‘ಬಿದ್ದಿರು, ಮಲಗಿರು’. ಅಲ್ಲಿ ಮೂಲ ಇಕಾರವು ಮುಂದಿನ ಅಕಾರದ ಪ್ರಭಾವದಿಂದ ಕನ್ನಡದಲ್ಲಿ ಎಕಾರವಾಯಿತು. ಇಲ್ಲಿ ಮೂಲ ಎಕಾರವು ಮುಂದಿನ ಉಕಾರದ ಪ್ರಭಾವದಿಂದ ಇಕಾರವಾಯಿತು. ಎರಡು ಧಾತುಗಳು ಎದುರುಬದುರು ದಿಕ್ಕಿನಲ್ಲಿ ನಡೆದು ಕನ್ನಡದಲ್ಲಿ ಒಂದಕ್ಕೊಂದು ಹತ್ತಿರವಾಗಿ ಕಾಣುತ್ತಿವೆ, ಅಷ್ಟೆ. ‘ಕೆಟ್ಟವನು’ ವ್ಯುತ್ಪತ್ತಿಯಿಂದ ‘ಬಿದ್ದವನು’ ಅಲ್ಲ.

3. ಮೊದಲ ಘಟ್ಟ: ಇಲ್ಲವಾಗುವಿಕೆ

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ (ಸು. 700) ನಮ್ಮ ಚರ್ಚೆಗೆ ಬಹಳ ಬೆಲೆಯುಳ್ಳದ್ದು. ಕನ್ನಡ ತ್ರಿಪದಿಯ ಹಳೆಯ ದಾಖಲೆಯೆಂದು ಅದು ಪ್ರಸಿದ್ಧ. ಅದರಲ್ಲಿ ‘ಕೆಟ್ಟೊದು’, ‘ಕೆಟ್ಟರ್’ ಎಂಬ ಎರಡು ರೂಪಗಳಿವೆ. ಮೊದಲನೆಯದು ‘ನಮಗೇನು ನಷ್ಟ’ ಎಂಬಂಥ ಮಾತಿನಲ್ಲಿ ಬರುತ್ತದೆ. ಎರಡನೆಯದು ಶತ್ರುಗಳ ವಿಷಯದಲ್ಲಿ, ಸಾವನ್ನು ಹೇಳುವ ಕ್ರಿಯಾಪದದ ಪಕ್ಕದಲ್ಲಿ ಬರುತ್ತದೆ. ಎರಡರಲ್ಲಿಯೂ ಅರ್ಥ ನಷ್ಟ, ನಾಶ. ನಡತೆಯ ತೀರ್ಪು ಅಲ್ಲಿಲ್ಲ. ಆ ಶತ್ರುಗಳು ದುರ್ಜನರಾದರು ಎಂದಲ್ಲ, ಅವರು ಅಳಿದರು ಎಂದು.

ಅದೇ ಶಾಸನದಲ್ಲಿ ನೈತಿಕ ತೀರ್ಪಿನ ಪದಗಳೂ ಇವೆ, ಆದರೆ ಅವು ಬೇರೆ. ಒಳಿತನ್ನು ಮಾಡುವುದು ‘ಒಳ್ಳಿತ್ತು’, ಅದಕ್ಕೆ ಎದುರಾದುದು ‘ಪೊಲ್ಲದು’. ತಮಿಳಿನಲ್ಲಿ ‘ಪೊಲ್ಲಾ’ ಎಂದು ಕಾಣುವ ಈ ಪದವು ‘ಒಪ್ಪು, ತಕ್ಕುದಾಗಿರು’ ಎಂಬ ಅರ್ಥದ ‘ಪೊಲ್’ ಧಾತುವಿನ ನಿಷೇಧರೂಪವೆಂಬುದು ಸಾಮಾನ್ಯವಾಗಿ ಒಪ್ಪಿದ ವ್ಯಾಖ್ಯಾನ. ‘ತಕ್ಕುದಲ್ಲದ್ದು’ ಎಂಬುದು ಅದರ ಮೂಲ ಅರ್ಥ. ಒಂದೇ ಕಲ್ಲಿನ ಮೇಲೆ, ಒಂದೇ ಕೈಯ ಬರಹದಲ್ಲಿ, ನೈತಿಕ ಕೆಡುಕಿಗೆ ‘ಪೊಲ್ಲ’ವೂ ನಾಶಕ್ಕೆ ‘ಕೆಡು’ವೂ ಹಂಚಿಕೆಯಾಗಿರುವುದು ಆ ಕಾಲದ ಪದವ್ಯವಸ್ಥೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ.

ದಾನಶಾಸನಗಳ ಶಾಪಾಶಯಗಳೂ ಇದೇ ಹಂಚಿಕೆಯನ್ನು ಬೆಂಬಲಿಸುತ್ತವೆ. ದತ್ತಿಯನ್ನು ಹಾಳುಮಾಡುವ ಕೆಲಸವನ್ನು ಹೇಳಲು ‘ಅೞಿ’, ‘ಕಿಡಿಸು’ ಎಂಬ ದೇಶ್ಯ ಕ್ರಿಯಾಪದಗಳು ಬರುತ್ತವೆ. ಆ ಕೆಲಸದ ನೈತಿಕ ತೂಕವನ್ನು ಹೇಳಲು ‘ಪಾತಕ’, ‘ಮಹಾಪಾತಕ’ ಎಂಬ ಸಂಸ್ಕೃತ ನಾಮಪದಗಳು ಬರುತ್ತವೆ. ಕ್ರಿಯೆ ಒಂದು ಪದದಲ್ಲಿ, ತೀರ್ಪು ಇನ್ನೊಂದರಲ್ಲಿ. ಇಲ್ಲಿಯ ‘ಧರ್ಮ’ ಎಂಬ ಪದ ದತ್ತಿಯೆಂಬ ಅರ್ಥದಲ್ಲಿರುವುದನ್ನು ಮರೆಯಬಾರದು. ಶಾಸನದ ಭಾಷೆಯಲ್ಲಿ ಧರ್ಮವನ್ನು ಕೆಡಿಸುವುದೆಂದರೆ ದತ್ತಿಯನ್ನು ಇಲ್ಲವಾಗಿಸುವುದು. ಇಂದಿನ ಓದುಗನ ಕಿವಿಗೆ ಕೇಳುವ ‘ಧರ್ಮಭ್ರಷ್ಟತೆ’ ಅದಲ್ಲ.

ನೆರೆಯ ಸಾಕ್ಷ್ಯವೂ ಹೀಗೆಯೇ ಇದೆ. ತಿರುಕ್ಕುಱಳಿನ 115ನೆಯ ಕುಱಳಿನಲ್ಲಿ ‘ಕೇಟು’ ಎಂಬುದಕ್ಕೆ ಜೋಡಿಯಾಗಿ ಬರುವುದು ‘ಪೆರುಕ್ಕಂ’, ಅಂದರೆ ಏಳಿಗೆ. ಏಳುಬೀಳು ಎಲ್ಲರಿಗೂ ಬರುವಂಥದು, ಮನಸ್ಸು ಸೊಟ್ಟಗಾಗದಿರುವುದೇ ಹಿರಿಯರಿಗೆ ಭೂಷಣ ಎಂಬುದು ಅದರ ತಾತ್ಪರ್ಯ. ಗಮನಿಸಬೇಕಾದುದೇನೆಂದರೆ ನೈತಿಕ ಲೋಪವನ್ನು ಅಲ್ಲಿ ‘ಬಾಗು, ಸೊಟ್ಟಗಾಗು’ ಎಂಬ ಬೇರೊಂದು ಧಾತು ಹೊರುತ್ತದೆ. ‘ಕೇಟು’ ಅದೃಷ್ಟದ ಕಡೆಗೆ ನಿಲ್ಲುತ್ತದೆ, ಶೀಲದ ಕಡೆಗಲ್ಲ. ಮಲಯಾಳದಲ್ಲಿ ದೀಪ ಆರುವುದಕ್ಕೆ ಇಂದಿಗೂ ‘ಕೆಟುಕ’ ಎನ್ನುತ್ತಾರೆ. ಕನ್ನಡದಲ್ಲಿಯೂ ‘ದೀಪ ಕೆಟ್ಟಿತು’ ಎಂಬ ಬಳಕೆಯಿದೆ. ಆರಿದ ದೀಪ ಹೊಲಸಾದುದಲ್ಲ, ಇಲ್ಲವಾದುದು.

ನಷ್ಟದ ಈ ಹಳೆಯ ಅರ್ಥ ಗಾದೆಗಳಲ್ಲಿ ಇನ್ನೂ ಜೀವಂತವಾಗಿದೆ. ‘ಕೆಟ್ಟು ಪಟ್ಟಣ ಸೇರು’ ಎಂದಾಗ ಬದುಕು ಕೈಬಿಟ್ಟವನಿಗೆ ಹೇಳುವ ಮಾತೇ ಹೊರತು ದುರ್ಜನನಿಗೆ ಹೇಳುವ ಮಾತಲ್ಲ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬಲ್ಲಿಯೂ ‘ಕೆಟ್ಟ’ ಎಂಬುದು ಕೈಮೀರಿದ ನಷ್ಟವೇ.

4. ಎರಡನೆಯ ಘಟ್ಟ: ‘-ಗೆಡು’ ಸಮಾಸಗಳು

ನಷ್ಟವಾಚಕವಾದ ಈ ಧಾತು ನೈತಿಕ ತೀರ್ಪನ್ನು ಹೊರಲು ಕಲಿತದ್ದು ಎಲ್ಲಿ? ನಮ್ಮ ಅಭಿಪ್ರಾಯದಲ್ಲಿ ‘-ಗೆಡು’ ಎಂದು ಕೊನೆಗೊಳ್ಳುವ ಕ್ರಿಯಾಸಮಾಸಗಳಲ್ಲಿ.

ಕೆಳಗಿನ ಎರಡು ವಾಕ್ಯಗಳನ್ನು ಹೋಲಿಸಬಹುದು:

(ಅ) ಅವನ ಆರೋಗ್ಯ ಕೆಟ್ಟಿತು.
(ಆ) ಅವನು ಲಜ್ಜೆಗೆಟ್ಟನು.

(ಅ) ವಾಕ್ಯದಲ್ಲಿ ಕೆಟ್ಟದ್ದು ಆರೋಗ್ಯ. ಕ್ರಿಯಾಪದ ಅದರೊಡನೆಯೇ ಹೊಂದುತ್ತದೆ. (ಆ) ವಾಕ್ಯದಲ್ಲಿಯೂ ಇಲ್ಲವಾದುದು ಲಜ್ಜೆಯೇ, ಆದರೆ ಕ್ರಿಯಾಪದ ಹೊಂದುವುದು ‘ಅವನು’ ಎಂಬುದರೊಡನೆ. ಕಳೆದುಹೋದ ವಸ್ತು ಸಮಾಸದ ಪೂರ್ವಪದವಾಗಿ ಒಳಸೇರಿತು. ಅದರ ಒಡೆಯ ಕರ್ತೃಸ್ಥಾನಕ್ಕೆ ಏರಿದನು. ಕಕಾರಕ್ಕೆ ಗಕಾರ ಆದೇಶವಾಗಿರುವುದೇ ಸಮಾಸವಾಗಿದೆ ಎಂಬುದಕ್ಕೆ ಗುರುತು. ಪೂರ್ವಪದ ಕರ್ತೃವಾಗಿಯೇ ಉಳಿದಲ್ಲಿ ಈ ಆದೇಶ ಬರುವುದಿಲ್ಲ. ‘ಹಾಲು ಕೆಟ್ಟಿತು’ ಎನ್ನುತ್ತೇವೆ, ‘*ಹಾಲುಗೆಟ್ಟಿತು’ ಎನ್ನುವುದಿಲ್ಲ.

ಈ ರಚನೆಯ ಪರಿಣಾಮ ಸಣ್ಣದಲ್ಲ. ವಸ್ತುವಿಗೆ ಆದ ನಷ್ಟವು ವ್ಯಕ್ತಿಯ ಸ್ಥಿತಿಯಾಗಿ ಮಾರ್ಪಡುತ್ತದೆ. ಸಮಾಸಗಳನ್ನು ಪೂರ್ವಪದದ ಅರ್ಥಕ್ಕೆ ಅನುಗುಣವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲ ವರ್ಗದಲ್ಲಿ ದೇಹ, ಮನಸ್ಸುಗಳ ಶಕ್ತಿಗಳೂ ನೆಲೆಗಳೂ ಇವೆ: ‘ಕಂಗೆಡು’, ‘ಎದೆಗೆಡು’, ‘ಮತಿಗೆಡು’, ‘ದಿಕ್ಕುಗೆಡು’, ‘ನಿದ್ದೆಗೆಡು’. ಇವುಗಳಲ್ಲಿ ಗಾಬರಿ, ಬಳಲಿಕೆ, ದಿಗ್ಭ್ರಮೆಗಳಿವೆ, ನಿಂದೆಯಿಲ್ಲ. ಎರಡನೆಯ ವರ್ಗದಲ್ಲಿ ಮನುಷ್ಯನಿಗೆ ಇತರರ ನಡುವೆ ಇರುವ ಸ್ಥಾನವನ್ನು ಕಾಯುವ ಸಂಗತಿಗಳಿವೆ: ‘ನಾಣ್ಗೆಡು’, ‘ಲಜ್ಜೆಗೆಡು’, ‘ಮಾನಗೆಡು’, ‘ನೀತಿಗೆಡು’, ‘ವ್ರತಗೆಡು’, ‘ಕುಲಗೆಡು’, ‘ಜಾತಿಗೆಡು’. ನೈತಿಕ ತೀರ್ಪು ಬರುವುದು ಈ ವರ್ಗದಲ್ಲಿಯೇ. ಧಾತು ಎರಡೂ ಕಡೆ ಒಂದೇ, ರಚನೆಯೂ ಒಂದೇ. ವ್ಯತ್ಯಾಸವನ್ನು ತಂದುದು ಪೂರ್ವಪದ. ಹಾಗಾದರೆ ನೈತಿಕ ಅರ್ಥವು ಮೊದಲಿಗೆ ಧಾತುವಿನದಾಗಿರಲಿಲ್ಲ. ಕಳೆದುಹೋದ ವಸ್ತುವಿನಿಂದ ಅದಕ್ಕೆ ಹತ್ತಿದುದು.

ಈ ಅರ್ಥ ಗಟ್ಟಿಯಾದುದಕ್ಕೆ ‘-ಗೇಡಿ’ ಎಂಬ ಉತ್ತರಪದ ಸಾಕ್ಷಿ. ‘ಲಜ್ಜೆಗೇಡಿ’, ‘ಮಾನಗೇಡಿ’, ‘ವ್ರತಗೇಡಿ’, ‘ಕುಲಗೇಡಿ’, ‘ಬುದ್ಧಿಗೇಡಿ’, ‘ಹೊಣೆಗೇಡಿ’ ಎಂಬಲ್ಲಿ ಒಮ್ಮೆ ಆದ ನಷ್ಟವು ವ್ಯಕ್ತಿಯ ಸ್ವಭಾವವಾಗಿದೆ. ‘ಲಜ್ಜೆಗೆಟ್ಟನು’ ಎಂಬುದು ಒಂದು ಘಟನೆ. ‘ಲಜ್ಜೆಗೇಡಿ’ ಎಂಬುದು ಒಂದು ಹೆಸರು. ‘ನಿದ್ದೆಗೆಟ್ಟ’ವನನ್ನು ‘*ನಿದ್ದೆಗೇಡಿ’ ಎಂದೋ ‘ಕಂಗೆಟ್ಟ’ವನನ್ನು ‘*ಕಂಗೇಡಿ’ ಎಂದೋ ಕರೆಯುವುದು ಇಂದಿನ ಕನ್ನಡಕ್ಕೆ ಸಹಜವಲ್ಲ. ನಿಂದೆಗೆ ಎಡೆಯಿರುವಲ್ಲಿಯೇ ‘-ಗೇಡಿ’ ಬೆಳೆದಿದೆ.

12ನೆಯ ಶತಮಾನದ ಶರಣರ ಪರಂಪರೆಗೆ ಸೇರಿದ ಶರಣೆಯೊಬ್ಬಳ ವಚನ ಈ ದೃಷ್ಟಿಯಿಂದ ಕುತೂಹಲಕರ. ‘ವ್ರತಗೇಡಿ’ ಎಂದು ಲೋಕ ಆಡುವ ಮಾತನ್ನು ಎತ್ತಿಕೊಂಡು, ವ್ರತವೇನು ಕೂಳಿನಂತೆ ಹಳಸುವ ಪದಾರ್ಥವೇ ಎಂಬರ್ಥದ ಪ್ರಶ್ನೆಯನ್ನು ಅವಳು ಹಾಕುತ್ತಾಳೆ. ಭಾಷಾಶಾಸ್ತ್ರದ ಕಣ್ಣಿಗೆ ಇಲ್ಲಿ ಕಾಣುವುದು ಎರಡು ಸಂಗತಿ. ಆ ವೇಳೆಗೆ ಅಡುಗೆಯ ಪದಾರ್ಥದ ಕೆಡುವಿಕೆ ಮತ್ತು ವ್ರತದ ಕೆಡುವಿಕೆ ಎರಡೂ ಒಂದೇ ಕ್ರಿಯಾಪದದಲ್ಲಿ ಕೂಡಿದ್ದವು. ಹಾಗಿದ್ದರೂ ಅವೆರಡೂ ಒಂದೇ ಅಲ್ಲವೆಂಬ ಅರಿವು ಆಡುವವರಲ್ಲಿತ್ತು. ಇಲ್ಲವಾದರೆ ಆ ಪ್ರಶ್ನೆಗೆ ಮೊನೆಯೇ ಇರುತ್ತಿರಲಿಲ್ಲ. ಕೊಳೆಯುವಿಕೆಯ ರೂಪಕವು ನೈತಿಕ ಅರ್ಥದ ಬೇರಾಗಿದ್ದರೆ, ಅದನ್ನು ಒಲ್ಲೆನೆಂದು ಹೇಳುವುದು ಇಷ್ಟು ಸಲೀಸಾಗುತ್ತಿರಲಿಲ್ಲ. ರೂಪಕ ಇತ್ತು, ಆದರೆ ಅದು ಬೇರಲ್ಲ; ಬೆಳೆದ ಮರಕ್ಕೆ ಬಳಿಕ ಹಬ್ಬಿದ ಬಳ್ಳಿ.

ಪ್ರಸಂಗವಶಾತ್ ಒಂದು ಮಾತು. ರೌಡಿ, ಪೋಕರಿ ಎಂಬ ಅರ್ಥದಲ್ಲಿ ಇಂದು ಬಿಡಿಯಾಗಿ ಬಳಸುವ ‘ಕೇಡಿ’ ಎಂಬ ಪದಕ್ಕೆ ಎರಡು ಮೂಲಗಳನ್ನು ಹೇಳುವುದುಂಟು: ಒಂದು, ಇದೇ ‘ಕೇಡು’, ಇನ್ನೊಂದು, ಬ್ರಿಟಿಷ್ ಆಡಳಿತದ ಪೊಲೀಸ್ ದಾಖಲೆಗಳಲ್ಲಿ ‘ನೋನ್ ಡಿಪ್ರಡೇಟರ್’ ಎಂಬುದಕ್ಕೆ ಇದ್ದ ‘ಕೆ.ಡಿ.’ ಎಂಬ ಸಂಕ್ಷೇಪ. ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ಅನಗತ್ಯ. ‘-ಗೇಡಿ’ ಎ೦ಬ ಉತ್ತರಪದ ಪೊಲೀಸ್ ಠಾಣೆಗಳಿಗಿಂತ ಶತಮಾನಗಳಷ್ಟು ಹಳೆಯದು. ಠಾಣೆಯ ಸಂಕ್ಷೇಪವು ಅದರ ಪಕ್ಕದಲ್ಲಿ ಬಂದು ನಿಂತಾಗ ಅದಕ್ಕೆ ಮೊದಲೇ ಸಿದ್ಧವಾದ ನೆಲೆ ದೊರೆಯಿತು.

5. ಮೂರನೆಯ ಘಟ್ಟ: ಕೃದಂತವು ವಿಶೇಷಣವಾದುದು

ಸಮಾಸಗಳಲ್ಲಿ ನೈತಿಕ ಛಾಯೆ ಹತ್ತಿದ ಮೇಲೆ ಪೂರ್ವಪದವನ್ನು ಹೇಳದೆಯೂ ಅದನ್ನು ಗ್ರಹಿಸುವುದು ಸಾಧ್ಯವಾಯಿತು. ‘ನೀತಿಗೆಟ್ಟವನು’, ‘ಮಾನಗೆಟ್ಟವನು’ ಎಂಬುದರ ಜಾಗದಲ್ಲಿ ‘ಕೆಟ್ಟವನು’ ಸಾಕಾಯಿತು. ಏನು ಕೆಟ್ಟಿತು ಎಂಬುದು ಮರೆಯಾಗಿ, ಕೆಟ್ಟ ಸ್ಥಿತಿ ಮಾತ್ರ ಉಳಿಯಿತು.

ಇಂದಿನ ಕನ್ನಡದಲ್ಲಿ ‘ಕೆಟ್ಟ’ ನಿಜವಾದ ವಿಶೇಷಣವಾಗಿದೆ ಎಂಬುದಕ್ಕೆ ಮೂರು ಪರೀಕ್ಷೆಗಳನ್ನು ಒಡ್ಡಬಹುದು. ಮೊದಲನೆಯದು ಸಂಬಂಧಿತ ವಾಕ್ಯದ ಪರೀಕ್ಷೆ. ‘ಕೆಟ್ಟ ಹಾಲು’ ಎಂಬುದರ ಹಿಂದೆ ‘ಹಾಲು ಕೆಟ್ಟಿತು’ ಎಂಬ ವಾಕ್ಯವಿದೆ. ‘ಕೆಟ್ಟ ಕನಸು’ ಎಂಬುದರ ಹಿಂದೆ ‘*ಕನಸು ಕೆಟ್ಟಿತು’ ಎಂಬ ವಾಕ್ಯವಿಲ್ಲ. ಆ ಕನಸು ಹುಟ್ಟುವಾಗಲೇ ಕೆಟ್ಟದ್ದು. ಎರಡನೆಯದು ಪ್ರತ್ಯಯದ ಪರೀಕ್ಷೆ. ‘-ತನ’ ಎಂಬ ಭಾವಪ್ರತ್ಯಯ ನಾಮ, ವಿಶೇಷಣಗಳಿಗೆ ಹತ್ತುತ್ತದೆ, ಕೃದಂತಕ್ಕೆ ಹತ್ತುವುದಿಲ್ಲ; ‘*ಬಂದತನ’, ‘*ಹೋದತನ’ಗಳಿಲ್ಲ, ಆದರೆ ‘ಕೆಟ್ಟತನ’ ಇದೆ. ಮೂರನೆಯದು ನವೀಕರಣದ ಪರೀಕ್ಷೆ. ವಿಶೇಷಣವಾದ ಪದ ಘಟನೆಯನ್ನು ಹೇಳಲು ಸಾಲದೆ ಬಂದಾಗ ಭಾಷೆ ಹೊಸ ರೂಪವನ್ನು ಕಟ್ಟಿಕೊಳ್ಳುತ್ತದೆ. ‘ಕೆಟ್ಟ ಹುಡುಗ’ ಎಂದರೆ ಸ್ವಭಾವತಃ ಕೆಟ್ಟವನು. ಮೊದಲು ಸರಿಯಿದ್ದು ಬಳಿಕ ದಾರಿ ತಪ್ಪಿದವನನ್ನು ‘ಕೆಟ್ಟುಹೋದ ಹುಡುಗ’ ಎನ್ನಬೇಕಾಗಿದೆ. ಹಿಂದೆ ‘ಕೆಟ್ಟ’ ಒಂದೇ ಹೇಳುತ್ತಿದ್ದುದನ್ನು ಹೇಳಲು ಈಗ ಎರಡು ಕ್ರಿಯಾಪದಗಳು ಬೇಕು. ಆದರೂ ಹಳೆಯ ಕೃದಂತ ಪೂರ್ತಿ ಸತ್ತಿಲ್ಲ. ‘ಕೆಟ್ಟದ್ದು’ ಎಂಬ ರೂಪದ ದ್ವಿತ್ವ ‘ಬಂದದ್ದು’, ‘ಹೋದದ್ದು’ಗಳ ಸಾಲಿನದೇ ಆಗಿ ಉಳಿದಿದೆ.

‘ಕೆಟ್ಟ’ ಮೇಲೆ ಬಂದಂತೆ ‘ಪೊಲ್ಲ’ ಹಿಂದೆ ಸರಿಯಿತು. ‘ಹೊಲ್ಲ’, ‘ಹೊಲ್ಲೆಹ’ ಎಂಬ ರೂಪಗಳಲ್ಲಿ ಅದು ವಚನಗಳ ಭಾಷೆಯವರೆಗೂ ಬಂದಿತು. ಇಂದಿನ ಬರಹದ ಕನ್ನಡದಲ್ಲಿ ಅದಕ್ಕೆ ಎಡೆಯಿಲ್ಲ. ಇದಕ್ಕೆ ರಚನಾತ್ಮಕ ಕಾರಣವೊಂದನ್ನು ಊಹಿಸಬಹುದು. ಕಾಲಪ್ರತ್ಯಯವಿಲ್ಲದ ಹಳೆಯ ನಿಷೇಧರೂಪಗಳು ಕನ್ನಡದಲ್ಲಿ ಕ್ರಮೇಣ ವಿರಳವಾದವು. ಮೂಲ ಧಾತುವೂ ಬಳಕೆ ತಪ್ಪಿದಾಗ ‘ಹೊಲ್ಲ’ದ ಒಳರಚನೆ ಆಡುವವರಿಗೆ ಕಾಣದಾಯಿತು. ‘ಕೆಟ್ಟ’ದ ಹಿಂದೆ ಮಾತ್ರ ದಿನಬಳಕೆಯ ಕ್ರಿಯಾಪದವೊಂದು ನಿಂತೇ ಇತ್ತು. ‘ಒಳ್ಳಿತ್ತು-ಪೊಲ್ಲದು’ ಎಂಬ ಹಳೆಯ ಜೋಡಿ ‘ಒಳ್ಳೆಯದು-ಕೆಟ್ಟದ್ದು’ ಎಂಬ ಜೋಡಿಯಾದುದು ಹೀಗೆ.

6. ಸಂಸ್ಕೃತದ ಪಡಿಯಚ್ಚೇ?

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕು. ಸಂಸ್ಕೃತದ ‘ದುಷ್’ ಧಾತುವಿನ ಕುಟುಂಬವನ್ನು ‘ಕೆಡು’ವಿನ ಕುಟುಂಬದ ಪಕ್ಕದಲ್ಲಿ ಇಟ್ಟರೆ ಸಾಮ್ಯ ಬೆರಗುಗೊಳಿಸುವಂತಿದೆ: ‘ದುಷ್ಯತಿ-ಕೆಡುತ್ತದೆ’, ‘ದೂಷಯತಿ-ಕೆಡಿಸುತ್ತದೆ’, ‘ದುಷ್ಟ-ಕೆಟ್ಟ’, ‘ದೋಷ-ಕೇಡು’. ಅಕರ್ಮಕ ಕ್ರಿಯೆ, ಪ್ರೇರಣಾರ್ಥಕ, ಕೃದಂತ, ಸ್ವರವೃದ್ಧಿಯಿಂದ ಆದ ನಾಮ ಎಂಬ ನಾಲ್ಕೂ ಸ್ಥಾನಗಳು ಹೊಂದುತ್ತವೆ. ಸಂಸ್ಕೃತವನ್ನು ಕಲಿತ ಕವಿಗಳೂ ಶಾಸನಕಾರರೂ ‘ದುಷ್ಟ’ದ ಅಚ್ಚಿನಲ್ಲಿ ‘ಕೆಟ್ಟ’ವನ್ನು ಎರಕ ಹೊಯ್ದರು ಎನ್ನಲಾಗದೇ?

ಎರಡು ಕಾರಣಗಳಿಂದ ನಾವು ಇದನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ ಅರ್ಥದ ದಿಕ್ಕು ಬೇರೆ. ದೋಷ ಎಂಬುದು ಬಂದು ಸೇರುವಂಥದು. ಒಂದರಲ್ಲಿ ದೋಷ ‘ಇರುತ್ತದೆ’, ಅದನ್ನು ತೆಗೆದರೆ ವಸ್ತು ಶುದ್ಧವಾಗುತ್ತದೆ. ಕೇಡು ಎಂಬುದು ಇದ್ದದ್ದು ಹೋಗುವಂಥದು. ತೆಗೆದುಹಾಕಲು ಅಲ್ಲಿ ಏನೂ ಇಲ್ಲ. ದೀಪ ಆರುವುದಕ್ಕಾಗಲಿ ನಿದ್ದೆ ತಪ್ಪುವುದಕ್ಕಾಗಲಿ ‘ದುಷ್’ ಧಾತು ಸಲ್ಲುವುದಿಲ್ಲ. ಎರಡನೆಯದಾಗಿ, ನೆರೆಯ ಭಾಷೆಗಳಲ್ಲಿಯೂ ಇದೇ ದಾರಿ ಕಾಣುತ್ತದೆ. ತಮಿಳಿನ ‘ಕೆಟ್ಟ’, ತೆಲುಗಿನ ‘ಚೆಡ್ಡ’ ಎರಡೂ ಇಂದು ‘ಕೆಟ್ಟ’ ಎಂಬ ಅರ್ಥದ ಸಾಮಾನ್ಯ ವಿಶೇಷಣಗಳು.

ಆದರೆ ತೆಲುಗಿನ ಸಾಕ್ಷ್ಯವನ್ನು ಅತಿಯಾಗಿ ಹಿಗ್ಗಿಸಬಾರದು. ‘ಚೆಡ್ಡ’ದ ದ್ವಿತ್ವವನ್ನು ನೋಡಿ ಅದನ್ನು ಕನ್ನಡ-ತಮಿಳುಗಳ ‘ಕೆಟ್ಟ’ದ ನೇರ ಸೋದರನೆಂದು ಹೇಳುವುದು ಆತುರದ ಮಾತಾದೀತು. ತೆಲುಗಿನಲ್ಲಿ ‘ಪಡಿನ’ ಎಂಬ ಕೃದಂತ ಆಡುಮಾತಿನಲ್ಲಿ ‘ಪಡ್ಡ’ ಎಂದು ಸಂಕೋಚಗೊಳ್ಳುವಂತೆ, ‘ಚೆಡಿನ’ ಎಂಬುದೂ ‘ಚೆಡ್ಡ’ ಆಗಬಲ್ಲದು. ಹಾಗಿದ್ದಲ್ಲಿ ವಿಶೇಷಣವು ಮೂಲಭಾಷೆಯಿಂದ ಬಂದ ಆಸ್ತಿಯಲ್ಲ. ಒಂದೇ ಧಾತುವಿನ ಕೃದಂತವು ಎರಡು ಕಡೆ ಬೇರೆ ಬೇರೆಯಾಗಿ ಅದೇ ದಾರಿ ಹಿಡಿಯಿತು ಎಂದಾಗುತ್ತದೆ. ಪಡಿಯಚ್ಚಿನ ವಾದಕ್ಕೆ ಇದರಿಂದ ಬಲ ಬರುವುದಿಲ್ಲ. ದಾರಿಯ ಸಹಜತೆಯೇ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಂಸ್ಕೃತದ ಪರಿಚಯವು ‘ಕೆಟ್ಟ’ದ ಬಳಕೆಯನ್ನು ವಿಸ್ತರಿಸಿರಬಹುದು, ಹುಟ್ಟಿಸಲಿಲ್ಲ.

ಸಂಸ್ಕೃತದ ನಿಜವಾದ ಪ್ರವೇಶ ಕಾಣುವುದು ಇನ್ನೊಂದು ಕಡೆ. ಸಾರ್ವಜನಿಕ ಜೀವನದ ಕೆಡುಕಿಗೆ ಇಂದು ಕನ್ನಡದಲ್ಲಿರುವ ಪದ ‘ಭ್ರಷ್ಟಾಚಾರ’. ಹಳೆಯ ಬಳಕೆ ‘ಆಚಾರಭ್ರಷ್ಟ’, ಎಂದರೆ ಆಚಾರದಿಂದ ಜಾರಿದವನು. ಅಲ್ಲಿ ಬಿದ್ದವನು ಮನುಷ್ಯ. ‘ಭ್ರಷ್ಟಾಚಾರ’ದಲ್ಲಿ ಬಿದ್ದದ್ದು ಆಚಾರವೇ, ಮನುಷ್ಯ ಪದದಿಂದ ಹೊರಗುಳಿದಿದ್ದಾನೆ. ‘-ಗೆಡು’ ಸಮಾಸಗಳು ವಸ್ತುವಿನ ನಷ್ಟವನ್ನು ವ್ಯಕ್ತಿಯ ಮೇಲೆ ಹೊರಿಸಿದರೆ, ಈ ಪದ ವ್ಯಕ್ತಿಯ ಜಾರುವಿಕೆಯನ್ನು ವ್ಯವಸ್ಥೆಯ ಮೇಲೆ ಹೊರಿಸುತ್ತದೆ. 1988ರ ಕಾಯಿದೆಯಂಥ ಕಾನೂನುಗಳ ಹೆಸರಿನಲ್ಲಿ ನಿಲ್ಲಲು ಇಂಥ ನಿರಾಕಾರ ಪದವೇ ಅನುಕೂಲ. ಕಚೇರಿಯ ಭಾಷೆಗೆ ಭ್ರಷ್ಟಾಚಾರ, ಮನೆ ಮತ್ತು ಬೀದಿಯ ಭಾಷೆಗೆ ಕೆಟ್ಟತನ ಎಂಬ ಹಂಚಿಕೆ ಹೀಗೆ ಏರ್ಪಟ್ಟಿದೆ.

7. ಕೆಡಿಸಿದವರು ಯಾರು?

ಈ ಚರಿತ್ರೆಯ ಪರಿಣಾಮ ಶುದ್ಧ ಭಾಷಾಶಾಸ್ತ್ರದ ಗಡಿಯಲ್ಲಿ ನಿಲ್ಲುವುದಿಲ್ಲ. ‘ಕೆಡು’ ಅಕರ್ಮಕ. ಯಾರು ಕೆಡಿಸಿದರು ಎಂಬುದನ್ನು ಅದು ಹೇಳಬೇಕಾಗಿಲ್ಲ. ಹೇಳಬೇಕೆಂದರೆ ‘ಕೆಡಿಸು’ ಬೇಕು, ಇಲ್ಲವೇ ‘ಇಂದ’ ಪ್ರತ್ಯಯ ಬೇಕು. ‘ಸಂಗದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯಲ್ಲಿ ಗಂಡಸಿನ ಕೆಡುಕಿಗೆ ಹೊರಗಿನ ಕಾರಣವೊಂದನ್ನು ಭಾಷೆ ಒದಗಿಸಿಕೊಡುತ್ತದೆ. ಹೆಣ್ಣಿನ ವಿಷಯದಲ್ಲಿ ಆಗುವುದು ಇದಕ್ಕೆ ವಿರುದ್ಧ. ‘ಅವಳನ್ನು ಕೆಡಿಸಿದ’ ಎಂಬ ವಾಕ್ಯದಲ್ಲಿ ಕರ್ತೃ ಗಂಡಸು, ಕೃತ್ಯ ಅವನದು. ಆದರೆ ಆ ವಾಕ್ಯದಿಂದ ಹೊರಬಂದು ಸಮಾಜದಲ್ಲಿ ನಿಲ್ಲುವ ಪದ ‘ಕೆಡಿಸಿದವನು’ ಅಲ್ಲ, ‘ಕೆಟ್ಟವಳು’. ಸಕರ್ಮಕದಿಂದ ಅಕರ್ಮಕಕ್ಕೆ, ಅಲ್ಲಿಂದ ಕೃದಂತಕ್ಕೆ, ಅಲ್ಲಿಂದ ವಿಶೇಷಣಕ್ಕೆ ಇಳಿಯುವ ಒಂದೊಂದು ಮೆಟ್ಟಿಲಿನಲ್ಲಿಯೂ ಕರ್ತೃ ಮರೆಯಾಗುತ್ತಾ ಹೋಗುತ್ತಾನೆ. ಕೊನೆಯ ಮೆಟ್ಟಿಲಿನಲ್ಲಿ ಉಳಿಯುವುದು ಅವಳಿಗೆ ಅಂಟಿದ ಗುಣವಾಚಕ ಮಾತ್ರ. ‘ಜಾತಿಗೆಟ್ಟ’, ‘ಕುಲಗೆಟ್ಟ’ ಎಂಬ ಬೈಗುಳಗಳಲ್ಲಿಯೂ ಇದೇ ನಡೆದಿದೆ. ಸಮುದಾಯವು ಒಬ್ಬನನ್ನು ಹೊರಗಿಟ್ಟ ಕ್ರಿಯೆ, ಅವನೇ ಏನನ್ನೋ ಕಳೆದುಕೊಂಡ ಸ್ಥಿತಿಯಾಗಿ ವ್ಯಾಕರಣದಲ್ಲಿ ದಾಖಲಾಗುತ್ತದೆ.

ವ್ಯಾಕರಣವೇ ಅನ್ಯಾಯವನ್ನು ಮಾಡುತ್ತದೆಂದು ನಾವು ಹೇಳುತ್ತಿಲ್ಲ. ಅನ್ಯಾಯಕ್ಕೆ ಅನುಕೂಲವಾದ ರಚನೆಯೊಂದು ಕೈಗೆಟಕುವಂತಿತ್ತು, ಅದನ್ನು ಬಳಸಲಾಯಿತು ಎಂಬುದಷ್ಟೇ ನಮ್ಮ ಮಾತು. ಆದರೆ ನಿಘಂಟುಕಾರರಿಗೂ ಅನುವಾದಕರಿಗೂ ಇದು ಅಲಕ್ಷಿಸುವಂಥ ಸಂಗತಿಯಲ್ಲ. ಸಾಕ್ಷಿಯೊಬ್ಬಳು ‘ನನ್ನನ್ನು ಕೆಡಿಸಿದ’ ಎಂದರೆ, ಆ ಕ್ರಿಯಾಪದವನ್ನು ‘ಹಾಳುಮಾಡಿದ’ ಎಂಬ ಸಾಮಾನ್ಯ ಅರ್ಥದಲ್ಲಿ ಇನ್ನೊಂದು ಭಾಷೆಗೆ ಒಯ್ಯುವ ಅನುವಾದಕನು ಒಂದು ಅಪರಾಧದ ಹೆಸರನ್ನೇ ಅಳಿಸಿದಂತಾಗುತ್ತದೆ. ಆದ್ದರಿಂದ ‘ಕೆಡು’, ‘ಕೆಡಿಸು’, ‘ಕೆಟ್ಟ’ಗಳನ್ನು ಒಂದೇ ಉಲ್ಲೇಖದ ಅಡಿಯಲ್ಲಿ ಪರ್ಯಾಯಪದಗಳ ಸಾಲಾಗಿ ಕೊಡುವುದು ಸಾಲದು. ನಷ್ಟಾರ್ಥ, ಹಳಸುವ ಅರ್ಥ, ಸ್ಥಾನಚ್ಯುತಿಯ ಅರ್ಥ, ಶೀಲದ ತೀರ್ಪು ಇವನ್ನು ಬೇರೆ ಬೇರೆಯಾಗಿ ಗುರುತಿಸಿ, ಕರ್ತೃವಿರುವ ಬಳಕೆಯನ್ನೂ ಇಲ್ಲದ ಬಳಕೆಯನ್ನೂ ಪ್ರತ್ಯೇಕಿಸಿ ತೋರಿಸಬೇಕು.

8. ಉಪಸಂಹಾರ

ನಮ್ಮ ವಾದವನ್ನು ಹೀಗೆ ಸಂಗ್ರಹಿಸಬಹುದು. ‘*ಕೆಟು’ ಎಂಬ ಧಾತುವಿನ ಹಳೆಯ ಅರ್ಥ ಇಲ್ಲವಾಗುವಿಕೆ. ಸು. 700ರ ಶಾಸನದಲ್ಲಿ ಅದು ನಷ್ಟ, ನಾಶಗಳನ್ನು ಹೇಳುತ್ತದೆ. ನೈತಿಕ ಕೆಡುಕನ್ನು ಹೇಳುವ ಪದ ಆಗ ‘ಪೊಲ್ಲ’. ‘-ಗೆಡು’ ಸಮಾಸಗಳಲ್ಲಿ ಕಳೆದ ವಸ್ತುವಿನ ಒಡೆಯನು ಕರ್ತೃವಾದಾಗ, ಕಳೆದುದು ಮಾನ, ನಾಣು, ವ್ರತ, ಕುಲಗಳಾಗಿದ್ದಲ್ಲಿ, ನಷ್ಟವು ನಿಂದೆಯಾಯಿತು. ಪೂರ್ವಪದ ಲೋಪವಾಗಿ ‘ಕೆಟ್ಟ’ ಸ್ವತಂತ್ರ ವಿಶೇಷಣವಾಯಿತು, ‘ಪೊಲ್ಲ’ದ ಜಾಗವನ್ನು ಹಿಡಿಯಿತು. ಕೊಳೆಯುವಿಕೆಯ ರೂಪಕ ಈ ನಡೆಗೆ ಜೊತೆಯಾಯಿತೇ ಹೊರತು ಅದನ್ನು ಆರಂಭಿಸಲಿಲ್ಲ.

‘ಕೆಟ್ಟ’ ಎಂಬುದು ಇಂದು ವಿಶೇಷಣವಾಗಿದ್ದರೂ ಅದರ ರೂಪ ಹಳೆಯ ಸಂಗತಿಯೊಂದನ್ನು ಉಳಿಸಿಕೊಂಡಿದೆ: ಕೆಡುವುದಕ್ಕೆ ಮೊದಲು ಏನೋ ಇತ್ತು, ಅದು ಹೋಯಿತು. ಯಾವುದು ಇತ್ತು, ಅದನ್ನು ಕೊಟ್ಟವರು ಯಾರು, ಕಳೆದವರು ಯಾರು ಎಂಬ ಪ್ರಶ್ನೆಗಳನ್ನು ಪದದ ಚರಿತ್ರೆ ತೆರೆದಿಡುತ್ತದೆ. ‘ಕೆಟ್ಟವಳು’ ಎಂಬ ಪದವನ್ನು ಕೇಳಿದಾಗ ಅದರೊಳಗಿನ ಕ್ರಿಯಾಪದವನ್ನೂ ಕೇಳಿಸಿಕೊಳ್ಳುವುದು ಭಾಷಾಶಾಸ್ತ್ರದ ಕೆಲಸವೇ ಆಗಿದೆ.